ಫ್ರೀಡಾ ಕಾಲೊ: ನೋವನ್ನು ಒಪ್ಪಿಕೊಳ್ಳೋದು ಅಂದ್ರೆ ಸೋಲೊಪ್ಪಿಕೊಳ್ಳೋದಲ್ಲ

ಮೂರು ವರ್ಷದ ಹಿಂದೆ ಬೈಕ್‌ನಿಂದ ಬಿದ್ದು ನನ್ನ ಸೊಂಟಕ್ಕೆ ಪೆಟ್ಟಾಯ್ತು. ಮೂಳೆ ಕೂಡಿಕೊಂಡಿತು, ಸ್ಕ್ಯಾನಿಂಗ್ ರಿಪೋರ್ಟ್ ನಾರ್ಮಲ್ ಅಂತ ಬಂತು, ನೋವು ಮಾತ್ರ ಹೋಗಲಿಲ್ಲ. ನೋವು ಪೂರ್ತಿ ಹೋಗಲಿ, ಆಮೇಲೆ ಮತ್ತೆ ಸಭೆಗೆ ಹೋಗ್ತೀನಿ, ಬರೀತೀನಿ, ಗೆಳೆಯರನ್ನ ನೋಡ್ತೀನಿ ಅಂತ ಎಂಟು ತಿಂಗಳು ಮನೆಯಲ್ಲೇ ಕಾದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನನ್ನು ಕೂರಿಸಿಕೊಂಡು, ನೋವು ಹೋಗದೇ ಇದ್ದರೆ ಏನು ಮಾಡಬೇಕು ಅಂತಿದ್ದೀರಿ ಅಂತ ಕೇಳಿದರು. ನನಗೆ ಸಿಟ್ಟು ಬಂತು. ನಮ್ಮೂರಲ್ಲಿ ಬಸ್ಸಿಂದ ಹಿಡಿದು ಮದುವೆವರೆಗೂ ಹೇಳೋ ಆ ಒಂದು ಮಾತೇ ಇದು ಅನ್ನಿಸ್ತು: ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಅವರು ಹೇಳಿದ್ದು ಅದಲ್ಲ ಅಂತ ನನಗೆ ಗೊತ್ತಾಗಿದ್ದು ಫ್ರೀಡಾ ಕಾಲೊ ಬದುಕನ್ನು ಸರಿಯಾಗಿ ಓದಿದ ಮೇಲೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಆಕೆ ಟೀ ಶರ್ಟ್ ಮೇಲಿನ ಮುಖ: ಕೂಡಿದ ಹುಬ್ಬು, ತಲೆ ತುಂಬ ಹೂವು. ಆ ಉದ್ದನೆಯ ಲಂಗದ ಒಳಗೆ ಏನಿತ್ತು ಅಂತ ನಾವು ಕೇಳೋದೇ ಇಲ್ಲ.

ಫ್ರೀಡಾ ಹುಟ್ಟಿದ್ದು 1907ರ ಜುಲೈ 6ರಂದು, ಮೆಕ್ಸಿಕೊ ನಗರದ ಅಂಚಿನ ಕೊಯೊಅಕಾನ್‌ನಲ್ಲಿ. ಕೇಳಿದವರಿಗೆ ತಾನು ಹುಟ್ಟಿದ್ದು 1910ರಲ್ಲಿ ಅಂತ ಹೇಳ್ತಿದ್ದಳು. ಅದು ಮೆಕ್ಸಿಕೊ ಕ್ರಾಂತಿ ಶುರುವಾದ ವರ್ಷ. ಆರನೇ ವಯಸ್ಸಿಗೆ ಪೋಲಿಯೊ ಬಂದು ಬಲಗಾಲು ಸಣಕಲಾಯಿತು. ಓರಗೆಯ ಮಕ್ಕಳು ಆಡಿಕೊಂಡರು. ಫೋಟೊಗ್ರಾಫರ್ ಆಗಿದ್ದ ಅಪ್ಪ ಮಗಳನ್ನು ಮೂಲೆಯಲ್ಲಿ ಕೂರಿಸದೆ ಆಟಕ್ಕೆ ಇಳಿಸಿದರು. ಅವರಿಗೂ ಮೂರ್ಛೆ ರೋಗವಿತ್ತು. ಕಾಯಿಲೆಯ ದೇಹ ಇಟ್ಟುಕೊಂಡೇ ಕೆಲಸ ಮಾಡೋದು ಹೇಗೆ ಅನ್ನೋದನ್ನ ಮಗಳು ಮನೆಯಲ್ಲೇ ನೋಡಿದ್ದಳು.

1922ರಲ್ಲಿ ಆಕೆ ಸೇರಿದ ಸರ್ಕಾರಿ ಪ್ರಿಪರೇಟರಿ ಶಾಲೆಯಲ್ಲಿ ಸುಮಾರು 2,000 ವಿದ್ಯಾರ್ಥಿಗಳ ನಡುವೆ ಹುಡುಗಿಯರು 35 ಮಂದಿ. ಡಾಕ್ಟರ್ ಆಗಬೇಕು ಅನ್ನೋದು ಆಸೆ. 1925ರ ಸೆಪ್ಟೆಂಬರ್ 17ರಂದು, ಹದಿನೆಂಟನೇ ವಯಸ್ಸಿನಲ್ಲಿ, ಆಕೆ ಹೋಗ್ತಿದ್ದ ಬಸ್ಸಿಗೆ ಟ್ರಾಮ್ ಗುದ್ದಿತು. ಕಬ್ಬಿಣದ ಸರಳೊಂದು ಕಿಬ್ಬೊಟ್ಟೆಯನ್ನು ತೂರಿತು. ಬೆನ್ನುಹುರಿ ಕಾಯುವ ಮೂಳೆ, ಸೊಂಟ, ಪಕ್ಕೆಲುಬು, ಕೊರಳೆಲುಬು ಮುರಿದವು. ಪೋಲಿಯೊ ಬಂದಿದ್ದ ಅದೇ ಬಲಗಾಲು ಹನ್ನೊಂದು ಕಡೆ ಮುರಿಯಿತು. ಒಂದು ತಿಂಗಳು ಆಸ್ಪತ್ರೆ, ಆಮೇಲೆ ಪ್ಲಾಸ್ಟರ್ ಕವಚದೊಳಗೆ ತಿಂಗಳುಗಟ್ಟಲೆ ಹಾಸಿಗೆ. ಡಾಕ್ಟರ್ ಆಗೋ ಕನಸು ಅಲ್ಲಿಗೆ ಮುಗಿಯಿತು.

ಇಲ್ಲಿಂದ ಮುಂದಿನದನ್ನ ನಾನು ನಿಧಾನವಾಗಿ ಓದಿದೆ. ಮಲಗಿಕೊಂಡೇ ಚಿತ್ರ ಬರೆಯೋಕೆ ಬರುವಂಥ ಒಂದು ಸ್ಟ್ಯಾಂಡನ್ನು ಅಮ್ಮ ಮಾಡಿಸಿಕೊಟ್ಟರು. ಮಂಚದ ಮೇಲ್ಗಡೆ ಕನ್ನಡಿ ಕಟ್ಟಿಸಿದರು. ಎದ್ದು ಹೋಗೋಕಾಗದ ಹುಡುಗಿ ಕಣ್ಣೆದುರು ಸಿಕ್ಕ ಮುಖವನ್ನೇ ಬರೆಯತೊಡಗಿದಳು. ವಾಸಿಯಾದ ಮೇಲೆ ಕಲಿಯೋಣ ಅಂತ ಕಾಯಲಿಲ್ಲ.

ಇವತ್ತು ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ಇದಕ್ಕೊಂದು ಹೆಸರಿದೆ: ಸೈಕಲಾಜಿಕಲ್ ಫ್ಲೆಕ್ಸಿಬಿಲಿಟಿ, ಅಂದರೆ ಮನಸ್ಸಿನ ನಮ್ಯತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಜೊತೆಗಾರರು 1980ರ ದಶಕದಿಂದ ಬೆಳೆಸಿದ ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿಯ ನಡುಗಂಬ ಅದು. ಮೂರು ತಿಂಗಳಿಗಿಂತ ಹೆಚ್ಚು ಉಳಿಯುವ ನೋವನ್ನು ದೀರ್ಘಕಾಲದ ನೋವು ಅಂತಾರೆ. ಇಂಥ ನೋವಿನಲ್ಲಿ, ನೋವನ್ನು ಓಡಿಸೋ ಜಗಳವೇ ಬದುಕನ್ನೆಲ್ಲ ತಿಂದುಬಿಡಬಹುದು. ನನಗೆ ಆಗಿದ್ದು ಅದೇ. ಈ ಥೆರಪಿ ಕಲಿಸೋ ಕೌಶಲ ಕೇಳೋಕೆ ಸರಳ: ನೋವು ಇದೆ ಅನ್ನೋದಕ್ಕೆ ಜಾಗ ಕೊಡೋದು, ನನ್ನ ಕಥೆ ಮುಗೀತು ಅಂತ ತಲೆಯಲ್ಲಿ ಓಡೋ ಮಾತನ್ನು ಒಂದು ಯೋಚನೆ ಅಂತಷ್ಟೇ ನೋಡೋದು, ನಮಗೆ ಯಾವುದು ಮುಖ್ಯ ಅಂತ ಕೇಳಿಕೊಳ್ಳೋದು, ಆ ಕಡೆಗೆ ಇವತ್ತೇ ಒಂದು ಸಣ್ಣ ಹೆಜ್ಜೆ ಇಡೋದು.

ಫ್ರೀಡಾ ಈ ಹೆಸರನ್ನು ಕೇಳಿರಲಿಲ್ಲ. ಆದರೆ ಮುಂದಿನ ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ಇದು ಮತ್ತೆ ಮತ್ತೆ ಕಾಣುತ್ತೆ. 1920ರ ದಶಕದ ಕೊನೆಯಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದಳು. 1929ರಲ್ಲಿ ಭಿತ್ತಿಚಿತ್ರಕಾರ ಡಿಯಾಗೊ ರಿವೇರಾನನ್ನು ಮದುವೆಯಾದಳು. 1932ರಲ್ಲಿ ಡೆಟ್ರಾಯಿಟ್‌ನಲ್ಲಿ ಗರ್ಭಪಾತವಾಯಿತು. ಆಗಿನ ಕಲೆ ಮಾತಾಡದೇ ಇದ್ದ ಆ ರಕ್ತವನ್ನೂ, ಆಸ್ಪತ್ರೆ ಮಂಚವನ್ನೂ ಬರೆದಳು. 1943ರಿಂದ ಕಲಾಶಾಲೆಯಲ್ಲಿ ಪಾಠ ಹೇಳಿದಳು. ಅಲ್ಲಿಗೆ ಹೋಗೋಕೆ ದೇಹ ಬಿಡದೇ ಹೋದಾಗ ವಿದ್ಯಾರ್ಥಿಗಳನ್ನೇ ಮನೆಗೆ ಕರೆಸಿಕೊಂಡಳು. ಕಲಿಸೋದು ಮುಖ್ಯ, ಎಲ್ಲಿ ಅನ್ನೋದಲ್ಲ. ನಮ್ಯತೆ ಅಂದರೆ ಇದು. ಕವಚ ಹಾಕಿಕೊಳ್ಳಲೇಬೇಕು ಅಂದಾಗ ಅದರ ಮೇಲೆ ಕುಡುಗೋಲು ಸುತ್ತಿಗೆ ಬರೆದಳು.

1946ರಲ್ಲಿ ನ್ಯೂಯಾರ್ಕ್‌ನಲ್ಲಿ ಬೆನ್ನಿನ ಆಪರೇಷನ್ ಆದ ಮೇಲೆ ಬರೆದ ಒಂದು ಚಿತ್ರದಲ್ಲಿ ಇಬ್ಬರು ಫ್ರೀಡಾ ಇದ್ದಾರೆ. ಒಬ್ಬಳು ಬೆನ್ನಿನ ಗಾಯ ತೋರಿಸುತ್ತಾ ಆಸ್ಪತ್ರೆಯ ಗಾಡಿ ಮೇಲೆ ಮಲಗಿದ್ದಾಳೆ. ಇನ್ನೊಬ್ಬಳು ಕೆಂಪು ಉಡುಪಿನಲ್ಲಿ, ಕೈಯಲ್ಲಿ ಕವಚ ಹಿಡಿದು, ನೆಟ್ಟಗೆ ಕೂತಿದ್ದಾಳೆ. ಇಬ್ಬರೂ ನಿಜ. ನೋವು ನನ್ನಲ್ಲಿದೆ, ಆದರೆ ನಾನು ಅಂದರೆ ನೋವಷ್ಟೇ ಅಲ್ಲ ಅನ್ನೋದನ್ನ ಥೆರಪಿಯಲ್ಲಿ ನನಗೆ ವಾರಗಟ್ಟಲೆ ಹೇಳಿಕೊಟ್ಟರು. ತಲೆಗೆ ಹೋಗಿದ್ದು ಈ ಚಿತ್ರ ನೋಡಿದಾಗ.

ಇಷ್ಟಕ್ಕೇ ನಿಲ್ಲಿಸಿದರೆ ಫ್ರೀಡಾಳನ್ನು ಮತ್ತೊಂದು ಮೋಟಿವೇಷನ್ ಪೋಸ್ಟರ್ ಮಾಡಿದ ಹಾಗಾಗುತ್ತೆ. ಆಕೆ ಎಲ್ಲವನ್ನೂ ನಗುನಗುತ್ತಾ ಗೆದ್ದವಳಲ್ಲ. ಬದುಕಿಡೀ ಸುಮಾರು 30 ಆಪರೇಷನ್ ಆದವು. ಅವುಗಳಲ್ಲಿ ಎಷ್ಟು ನಿಜಕ್ಕೂ ಬೇಕಿತ್ತು ಅನ್ನೋ ಚರ್ಚೆ ಇವತ್ತಿಗೂ ಇದೆ. 1950ರಲ್ಲಿ ಬಹುಪಾಲು ವರ್ಷ ಆಸ್ಪತ್ರೆಯಲ್ಲೇ ಕಳೆಯಿತು. ಕೊನೆಯ ವರ್ಷಗಳಲ್ಲಿ ನೋವಿನ ಮದ್ದು ಮತ್ತು ಕುಡಿತಕ್ಕೆ ಅಂಟಿಕೊಂಡಳು. 1953ರ ಆಗಸ್ಟ್‌ನಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದಾಗ ಪೂರ್ತಿ ಕುಸಿದಳು, ಸಾಯೋ ಯೋಚನೆಯೂ ಬಂತು. ಆಮೇಲೆ ಹಾಕಿಕೊಂಡ ಕೃತಕ ಕಾಲಿಗೆ ಕಸೂತಿ ಮಾಡಿದ ಕೆಂಪು ಬೂಟು ಇತ್ತು. ಕುಸಿತವೂ ನಿಜ, ಬೂಟೂ ನಿಜ. ನೋವಿನವರು ಸದಾ ಧೈರ್ಯವಾಗಿರಬೇಕು ಅಂತ ಹೇಳೋದು ಇನ್ನೊಂದು ಬಗೆಯ ದಬ್ಬಾಳಿಕೆ.

ಅದೇ ವರ್ಷದ ಏಪ್ರಿಲ್‌ನಲ್ಲಿ ಆಕೆಯ ತಾಯ್ನಾಡಿನಲ್ಲಿ ಆಕೆಯದೇ ಚಿತ್ರಗಳ ಮೊದಲ ಪ್ರದರ್ಶನ ನಡೆದಿತ್ತು. ಹಾಸಿಗೆ ಬಿಟ್ಟು ಏಳಬಾರದು ಅಂತ ಡಾಕ್ಟರ್ ಹೇಳಿದ್ದರು. ಆಕೆ ಮಂಚವನ್ನೇ ಗ್ಯಾಲರಿಗೆ ಕಳಿಸಿ, ತಾನು ಆಂಬುಲೆನ್ಸ್‌ನಲ್ಲಿ ಬಂದು, ಅದರ ಮೇಲೆ ಮಲಗಿಯೇ ಬಂದವರನ್ನು ಮಾತಾಡಿಸಿದಳು.

ಮರುವರ್ಷ, 1954ರ ಜೂನ್‌ನಲ್ಲಿ, ಗ್ವಾಟೆಮಾಲಾದಲ್ಲಿ ಜನ ಆರಿಸಿದ ಅರ್ಬೆನ್ಸ್ ಸರ್ಕಾರವನ್ನು ಸಿಐಎ ಬೆಂಬಲದಿಂದ ಉರುಳಿಸಲಾಯಿತು. ಜುಲೈ 2ರಂದು ಮೆಕ್ಸಿಕೊದಲ್ಲಿ ಪ್ರತಿಭಟನೆ. ನ್ಯುಮೋನಿಯಾದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಫ್ರೀಡಾ ವೀಲ್‌ಚೇರ್‌ನಲ್ಲಿ ಬಂದಳು. ಹನ್ನೊಂದು ದಿನದ ನಂತರ, ಜುಲೈ 13ರಂದು, ತೀರಿಕೊಂಡಳು. ವಯಸ್ಸು 47.

ಆ ಕೊನೆಯ ಮೆರವಣಿಗೆ ಬಗ್ಗೆ ನನ್ನಲ್ಲಿ ಎರಡು ಮನಸ್ಸಿದೆ. ನನ್ನ ಫಿಸಿಯೋಥೆರಪಿಸ್ಟ್ ಆಗಿದ್ದರೆ ಬೇಡ ಅಂತಿದ್ದರು. ಮುಖ್ಯವಾದದ್ದರ ಕಡೆ ನಡೆಯೋದೂ ಕೌಶಲ, ಎಲ್ಲಿ ನಿಲ್ಲಬೇಕು ಅಂತ ತಿಳಿಯೋದೂ ಕೌಶಲ. ಚಳವಳಿಯಲ್ಲಿರೋ ನಾವು ಮೊದಲನೆಯದನ್ನ ಹೊಗಳ್ತೀವಿ, ಎರಡನೆಯದನ್ನ ಹೇಡಿತನ ಅಂತೀವಿ. ಸ್ಲಿಪ್ ಡಿಸ್ಕ್ ಇಟ್ಟುಕೊಂಡು ಧರಣಿ ಕೂತ ಗೆಳೆಯನಿಗೆ ಚಪ್ಪಾಳೆ ಹೊಡೀತೀವಿ, ಒಂದು ಕುರ್ಚಿ ಹಾಕಿಸೋಲ್ಲ.

ಇನ್ನೊಂದು ಮಾತು. ಫ್ರೀಡಾಗೆ ಮಂಚದ ಮೇಲೆ ಕನ್ನಡಿ ಕಟ್ಟಿಸೋ ಅಮ್ಮ ಇದ್ದರು, ದುಡಿಯೋ ಗಂಡ ಇದ್ದ, ಸಲಹೆ ಕೊಡೋ ಡಾಕ್ಟರ್ ಗೆಳೆಯರಿದ್ದರು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಬಗ್ಗಿ ಹೊಲಿಯೋ ಹೆಣ್ಣುಮಗಳಿಗೆ ಮನಸ್ಸು ಬಗ್ಗಿಸೋದನ್ನಷ್ಟೇ ಕಲಿಸಿ ಕಳಿಸಿದರೆ ಅದು ಚಿಕಿತ್ಸೆಯಲ್ಲ, ಮೋಸ. ಆಕೆಗೆ ಒಳ್ಳೆ ಕುರ್ಚಿ ಬೇಕು, ಸಂಬಳ ಕಟ್ಟಾಗದ ರಜೆ ಬೇಕು, ನೋವಿನ ಕ್ಲಿನಿಕ್ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿರೋ 21 ಬಗೆಯ ಅಂಗವೈಕಲ್ಯಗಳಲ್ಲಿ ದೀರ್ಘಕಾಲದ ನೋವು ಅನ್ನೋದೊಂದು ಇಲ್ಲ. ಕಣ್ಣಿಗೆ ಕಾಣದ ನೋವಿಗೆ ಸರ್ಟಿಫಿಕೇಟೂ ಸಿಗೋಲ್ಲ.

ಹಾಗಾಗಿ ನಾನು ಒಪ್ಪಿಕೊಂಡಿರೋದು ಏನನ್ನ ಅಂತ ಸ್ಪಷ್ಟ ಮಾಡಿಬಿಡ್ತೀನಿ. ನನ್ನ ಸೊಂಟ ನಾಳೆಯೂ ನೋಯುತ್ತೆ ಅನ್ನೋದನ್ನ ಒಪ್ಪಿಕೊಂಡಿದ್ದೀನಿ. ಅದನ್ನ ನೋಯಿಸೋ ರಸ್ತೆ, ಕುರ್ಚಿ, ಕೆಲಸದ ಹೊತ್ತು ಇವನ್ನಲ್ಲ. ಫ್ರೀಡಾ ಮುರಿದ ಬೆನ್ನಿನ ಜೊತೆ ರಾಜಿಯಾದಳು, ಗ್ವಾಟೆಮಾಲಾದ ವಿಷಯದಲ್ಲಿ ಆಗಲಿಲ್ಲ. ಕಳೆದ ತಿಂಗಳು ನಾನು ಮತ್ತೆ ಸಭೆಗೆ ಹೋದೆ. ನಲವತ್ತು ನಿಮಿಷ ಕೂತೆ, ಹತ್ತು ನಿಮಿಷ ಗೋಡೆಗೆ ಒರಗಿ ನಿಂತೆ, ಆಮೇಲೆ ಎದ್ದು ಮನೆಗೆ ಬಂದೆ. ಮುಂದಿನ ಸಭೆಗೂ ಹೋಗ್ತೀನಿ. ಈ ಸಲ ಬೆನ್ನಿಗೆ ಆನಿಕೆ ಇರೋ ನಾಲ್ಕು ಕುರ್ಚಿ ಹಾಕಿಸಿ ಅಂತ ಮೊದಲೇ ಹೇಳಿಟ್ಟಿದ್ದೀನಿ. ನನ್ನೊಬ್ಬನಿಗೆ ಒಂದು ಸಾಕು, ಕೇಳದೇ ಸುಮ್ಮನಿರೋ ಇನ್ನು ಮೂವರಾದರೂ ಇದ್ದೇ ಇರ್ತಾರೆ.