ಸಂಚಿಯ ಹೊನ್ನಮ್ಮ ತನ್ನ ಬಗ್ಗೆ ಬರೆದದ್ದು

ತಾಳವಾಡಿಯಿಂದ ಚಾಮರಾಜನಗರ ದಾಟಿ ಮುಂದೆ ಹೋದರೆ ಯಳಂದೂರು. ಸಂಚಿಯ ಹೊನ್ನಮ್ಮ ಆ ಊರಿನವಳು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ (1673–1704) ಅರಮನೆ ಸೇರಿದಳು. ಎಲೆಅಡಿಕೆಯ ಸಂಚಿ ಹಿಡಿದು ಊಳಿಗ ಮಾಡುವುದು ಆಕೆಯ ಕೆಲಸ. ಸಂಚಿ ಎಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಜ್ಜಿಯರ ಸೊಂಟದಲ್ಲಿ ಕಂಡವರೇ ನಾವೆಲ್ಲ.

ಅರಮನೆಯಲ್ಲಿ ಆಕೆಗೆ ಪಾಠ ಹೇಳಿದವರು 'ಮಿತ್ರವಿಂದಾ ಗೋವಿಂದ' ನಾಟಕ ಬರೆದ ಸಿಂಗರಾರ್ಯರು. ರಾಣಿ ದೇವಾಜಮ್ಮಣ್ಣಿಯವರ ಪ್ರೋತ್ಸಾಹವೂ ಸಿಕ್ಕಿತು. ಹೀಗೆ ಹುಟ್ಟಿದ್ದು 'ಹದಿಬದೆಯ ಧರ್ಮ', ಸಾಂಗತ್ಯದಲ್ಲಿ ಒಂಬತ್ತು ಸಂಧಿಗಳ ಕಾವ್ಯ.

ಹದಿಬದೆ ಎಂದರೆ ಪತಿವ್ರತೆ. ಗಂಡ, ಅತ್ತೆ ಮಾವಂದಿರ ಸೇವೆಯ ಉಪದೇಶವೇ ಅದರಲ್ಲಿ ಹೆಚ್ಚು. ಇಂದಿನ ಹೆಣ್ಣುಮಕ್ಕಳು ಓದಿದರೆ ಮುಖ ಸಿಂಡರಿಸುವುದು ಸಹಜ. ಹೆತ್ತು ಸಾಕಿದವರೇ ಹೆಂಗಸರಾಗಿರುವಾಗ ಹೆಣ್ಣೆಂದು ಹೀಗಳೆಯುವುದು ತಿಳಿಗೇಡಿತನ ಎಂಬ ಮಾತೂ ಅದೇ ಪುಸ್ತಕದಲ್ಲಿದೆ. 

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಪೀಠಿಕೆಯ ಪದ್ಯಗಳು. ಗುರುಗಳು ತನ್ನನ್ನು ಸಾಹಿತ್ಯದ ದೇವತೆಯೆಂದೇ ಹೊಗಳಿದ್ದು, ಅರಮನೆಯವರು ಕಾವ್ಯ ಬರೆಯಲು ಹೇಳಿದ್ದು, ತಾನು ಒಪ್ಪಿಕೊಂಡದ್ದು ಎಲ್ಲವನ್ನೂ ಆಕೆ ಅಲ್ಲಿ ದಾಖಲಿಸಿದ್ದಾಳೆ. ಹೊನ್ನಮ್ಮನ ಆತ್ಮಕಥೆ ಎಂದು ನಮಗೆ ಉಳಿದಿರುವುದು ಇಷ್ಟೇ. ಹೆಂಗಸರ ಆತ್ಮಕಥೆಯನ್ನು ಆ ಹೆಸರಿನ ಪುಸ್ತಕಗಳಲ್ಲಷ್ಟೇ ಹುಡುಕಬೇಡಿ, ಪೀಠಿಕೆ, ಹಾಡು, ಕಾಗದಗಳಲ್ಲೂ ನೋಡಿ ಎಂದು ಸ್ತ್ರೀವಾದಿ ವಿಮರ್ಶಕರು ಹೇಳುವುದು ಇದಕ್ಕೇ. ಹಾಗೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪತಿಸೇವೆಯ ಬಗ್ಗೆ ಇಡೀ ಕಾವ್ಯ ಬರೆದವಳನ್ನು ಕನ್ನಡ ನೆನೆಯುವುದು ಗಂಡನ ಹೆಸರಿನಿಂದಲ್ಲ, ಆಕೆ ಕೈಯಲ್ಲಿ ಹಿಡಿದ ಸಂಚಿಯಿಂದ!

ನಮ್ಮ ಬೆಟ್ಟದ ಸೀಮೆಯ ಹಿರಿಯ ಹೆಂಗಸರನ್ನು ನಿಮ್ಮ ಕಥೆ ಬರೆಯಿರಿ ಎಂದು ಕೇಳಿದರೆ, ನಮ್ಮದೇನು ಬರೆಯೋದು ಎಂದು ನಕ್ಕುಬಿಡುತ್ತಾರೆ. ಮುಂದಿನ ಸಂಚಿಕೆಗೆ ನಿಮ್ಮ ಅವ್ವ, ಅಜ್ಜಿ, ಅತ್ತೆಯರನ್ನು ಕೂರಿಸಿಕೊಂಡು ಅವರು ಹೇಳಿದ್ದನ್ನು ಒಂದು ಪುಟದಷ್ಟು ಬರೆದು ಕಳಿಸಿ. ತಮಿಳು ಮಾಧ್ಯಮದಲ್ಲಿ ಓದಿದ ಮೊಮ್ಮಕ್ಕಳು ತಮಿಳು ಅಕ್ಷರದಲ್ಲಿ ಬರೆದರೂ ಸರಿ, ನಾವು ಕನ್ನಡ ಲಿಪಿಗೆ ಇಳಿಸಿಕೊಳ್ಳುತ್ತೇವೆ. ಯಾರ ಹೆಂಡತಿ, ಯಾರ ತಾಯಿ ಎಂಬುದರ ಜೊತೆಗೆ ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಮರೆಯದೆ ಬರೆಯಿರಿ.