ಹಿಮದ ಭಂಡಾರದೊಳಗೆ ಹೋದವನು: ಎಡ್ವರ್ಡ್ ವಿಲ್ಸನ್

ಯೋಬನ ಪುಸ್ತಕ ತೆಗೀರಿ, 38ನೇ ಅಧ್ಯಾಯ, 22ನೇ ವಚನ. ಮೊಬೈಲಿನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಕಡೆ ಹೋಗಬೇಡಿ. ಹಿಮವನ್ನು ಕೂಡಿಟ್ಟಿರುವ ಭಂಡಾರದೊಳಗೆ ಯೋಬ ಯಾವತ್ತಾದ್ರೂ ಕಾಲಿಟ್ಟಿದ್ದಾನಾ ಅಂತ ದೇವರು ಅಲ್ಲಿ ಕೇಳ್ತಾನೆ. ಯೋಬನ ಹತ್ತಿರ ಉತ್ತರ ಇರಲಿಲ್ಲ. ಆ ಭಂಡಾರದೊಳಗೆ ನಿಜವಾಗಲೂ ಹೋದ ಒಬ್ಬ ವಿಶ್ವಾಸಿಯ ಬಗ್ಗೆ ಇವತ್ತು ಹೇಳ್ತೀನಿ.

ಸ್ಕ್ರೀನ್ ನೋಡಿ. 1912ರ ಜನವರಿ, ದಕ್ಷಿಣ ಧ್ರುವ. ಐದು ಜನ. ಸೆಲ್ಫಿ ಅನ್ನೋ ಮಾತೇ ಇಲ್ಲದ ಕಾಲದಲ್ಲಿ ಕ್ಯಾಮೆರಾಗೆ ದಾರ ಕಟ್ಟಿ, ಅವರಲ್ಲೇ ಒಬ್ಬರಾದ ಬವರ್ಸ್ ಅದನ್ನು ಎಳೆದು ತೆಗೆದ ಫೋಟೋ. ಒಬ್ಬರ ಮುಖದಲ್ಲೂ ನಗು ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಈ ಐವರಲ್ಲಿ ಒಬ್ಬರು ಡಾಕ್ಟರ್ ಎಡ್ವರ್ಡ್ ವಿಲ್ಸನ್.

ಆ ತಂಡದಲ್ಲಿ ಹರ್ಬರ್ಟ್ ಪಾಂಟಿಂಗ್ ಅನ್ನೋ ದೊಡ್ಡ ಫೋಟೋಗ್ರಾಫರ್ ಇದ್ದರು. ಆದರೆ ಆಗಿನ ಫೋಟೋಗಳು ಹೆಚ್ಚಾಗಿ ಕಪ್ಪು-ಬಿಳುಪು. ಆ ಆಕಾಶದ ಬಣ್ಣ ಲಂಡನ್ನಿನವರಿಗೆ ಕಾಣಬೇಕಾದರೆ ಒಬ್ಬ ಮನುಷ್ಯನೇ ಕ್ಯಾಮೆರಾ ಆಗಬೇಕಿತ್ತು. ವಿಲ್ಸನ್ ಅದಾದರು. ಚಿತ್ರಕಲೆ ಯಾರೂ ಕಲಿಸಿದ್ದಲ್ಲ, ತಾವೇ ಕಲಿತದ್ದು. ಕೊರೆಯುವ ಚಳಿಯಲ್ಲಿ ಕೈಗವಸು ತೆಗೆದು ಒಂದೆರಡು ನಿಮಿಷ ಪೆನ್ಸಿಲಿನಲ್ಲಿ ಗೀಚೋದು, ಎಲ್ಲೆಲ್ಲಿ ಯಾವ ಬಣ್ಣ ಅಂತ ಪಕ್ಕದಲ್ಲೇ ಬರೆದುಕೊಳ್ಳೋದು, ಬೆರಳು ಮರಗಟ್ಟುವ ಮುಂಚೆ ಮತ್ತೆ ಕೈಗವಸು. ಗುಡಿಸಲಿಗೆ ಬಂದು ಗ್ಯಾಸ್ ದೀಪದ ಬೆಳಕಿನಲ್ಲಿ ಬಣ್ಣ ತುಂಬೋರು. ಬರಿಗಣ್ಣಲ್ಲಿ ಹಿಮ ನೋಡ್ತಾ ಚಿತ್ರ ಬರೆದು ಕಣ್ಣು ಉರಿದು ಏನೂ ಕಾಣದಂತಾಗಿದ್ದೂ ಉಂಟು. 1902ರ ಡಿಸೆಂಬರಿನಲ್ಲಿ ಹಾಗೇ ಆಯ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ಲೆಡ್ಜ್ ಎಳೆದರು. ಪಕ್ಕದಲ್ಲಿ ಕ್ಯಾಪ್ಟನ್ ಸ್ಕಾಟ್ ಬೆಟ್ಟಗಳು ಹೇಗೆ ಕಾಣ್ತಿವೆ ಅಂತ ಹೇಳ್ತಾ ನಡೆದರು.

ಶುರುವಿಂದ ಬರೋಣ. ಹುಟ್ಟಿದ್ದು 1872ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ, ಡಾಕ್ಟರ ಮಗನಾಗಿ. ಕೇಂಬ್ರಿಡ್ಜ್, ಆಮೇಲೆ ಲಂಡನ್ನಿನಲ್ಲಿ ಮೆಡಿಕಲ್ ಓದು. ಓದುವಾಗಲೇ ಬ್ಯಾಟರ್ಸೀ ಅನ್ನೋ ಬಡವರ ಬಡಾವಣೆಯಲ್ಲಿ ಮಿಷನ್ ಸೇವೆ. ಒರಿಯಾನಾ ಅವರ ಪರಿಚಯ ಆಗಿದ್ದೂ ಅಲ್ಲೇ. (ಸೇವೆಗೆ ಬಂದರೆ ಮದುವೆ ಆಗುತ್ತೆ ಅಂತ ನಾನು ಹೇಳ್ತಿಲ್ಲ, ನಗಬೇಡಿ.) 1898ರಲ್ಲಿ ಕ್ಷಯ ರೋಗ ಅಂತ ಗೊತ್ತಾಯ್ತು. ಆ ಕಾಲದಲ್ಲಿ ಅದಕ್ಕೆ ಔಷಧಿ ಇರಲಿಲ್ಲ. ನಾರ್ವೆ, ಸ್ವಿಟ್ಜರ್ಲೆಂಡ್‌ನ ತಣ್ಣನೆ ಗಾಳಿಯಲ್ಲಿ ತಿಂಗಳುಗಟ್ಟಲೆ ಕಳೆದು ಎದ್ದು ಬಂದರು. ದಕ್ಷಿಣ ಧ್ರುವದ ಕಡೆ ಹೊರಟ ಡಿಸ್ಕವರಿ ಹಡಗಿಗೆ ಇವರ ಶ್ವಾಸಕೋಶ ನೋಡಿದ ವೈದ್ಯರು ಒಪ್ಪಲಿಲ್ಲ. ಆದರೂ ಸ್ಕಾಟ್ ಬಿಡದೆ ಕರೆದುಕೊಂಡು ಹೋದರು. 1901ರ ಜುಲೈ 16ಕ್ಕೆ ಮದುವೆ, ಆಗಸ್ಟ್ 6ಕ್ಕೆ ಹಡಗು ಹೊರಟಿತು. ಮೂರೇ ವಾರದ ಸಂಸಾರ.

ಮಧ್ಯದ ವರ್ಷಗಳನ್ನು ಬೇಗ ದಾಟ್ತೀನಿ, ಆದರೆ ಒಂದು ಮಾತು. 1907ರಲ್ಲಿ ಶ್ಯಾಕಲ್ಟನ್ ತಮ್ಮ ತಂಡಕ್ಕೆ ಕರೆದರು. ವಿಲ್ಸನ್ ಹೋಗಲಿಲ್ಲ. ಗ್ರೌಸ್ ಅನ್ನೋ ಕಾಡುಕೋಳಿ ಯಾವ ರೋಗದಿಂದ ಸಾಯ್ತಿದೆ ಅಂತ ಕಂಡುಹಿಡಿಯೋ ಕೆಲಸ ಒಪ್ಪಿಕೊಂಡಿದ್ದರು, ಅದನ್ನು ಮುಗಿಸಬೇಕಿತ್ತು. ಹೆಸರು ಬರುವ ಅವಕಾಶ ಬಿಟ್ಟು ಸತ್ತ ಕೋಳಿಗಳನ್ನು ಕೊಯ್ದು ನೋಡ್ತಾ ಕೂತರು!

1910ರಲ್ಲಿ ಸ್ಕಾಟ್ ಜೊತೆ ಮತ್ತೆ ಹೊರಟರು, ಟೆರಾ ನೋವಾ ಹಡಗಿನಲ್ಲಿ. ಹಡಗಿನ ಕಂಬದ ತುದಿಯಲ್ಲಿ ಕಾವಲುಗಾರ ನಿಲ್ಲೋಕೆ ಒಂದು ಪೀಪಾಯಿ ಇರುತ್ತೆ. ವಿಲ್ಸನ್ ಅಲ್ಲಿಗೆ ಹತ್ತಿ ಒಬ್ಬರೇ ಪ್ರಾರ್ಥಿಸೋರು. ಅದೇ ಅವರ ಚಾಪೆಲ್. ಪಿ.ಜಿ. ರೂಮಿನಲ್ಲಿ ನಾಲ್ಕು ಜನ, ಪ್ರಾರ್ಥನೆಗೆ ಜಾಗ ಇಲ್ಲ ಪಾಸ್ಟರ್ ಅನ್ನೋರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ವಿಷಯಕ್ಕೆ ಬರ್ತೀನಿ. 1911ರ ಜೂನ್ 27. ಅಲ್ಲಿ ಅದು ಚಳಿಗಾಲ, ಹಗಲೂ ಕತ್ತಲೆ. ವಿಲ್ಸನ್, ಬವರ್ಸ್, ಚೆರಿ-ಗ್ಯಾರಾರ್ಡ್ ಮೂವರೂ ಎಂಪರರ್ ಪೆಂಗ್ವಿನ್ ಮೊಟ್ಟೆ ತರೋಕೆ ನೂರು ಕಿಲೋಮೀಟರಿಗೂ ಮೇಲ್ಪಟ್ಟು ದೂರ ಹೊರಟರು. ಹಕ್ಕಿಗಳ ಮೂಲ ಆ ಮೊಟ್ಟೆಯೊಳಗಿನ ಭ್ರೂಣದಲ್ಲಿ ತಿಳಿಯುತ್ತೆ ಅಂತ ಆಗಿನ ವಿಜ್ಞಾನದ ನಂಬಿಕೆ. ಅದರ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಪ್ರಶ್ನೆ ಬರುತ್ತೆ, ಗೊತ್ತು. ವಿಲ್ಸನ್‌ಗೆ ಮಾತ್ರ ಸೂಕ್ಷ್ಮದರ್ಶಕಕ್ಕೂ ಸತ್ಯವೇದಕ್ಕೂ ಜಗಳ ಕಾಣಲಿಲ್ಲ. ಚಳಿ ಮೈನಸ್ 60 ಡಿಗ್ರಿ ದಾಟಿತು. ಐದು ಮೊಟ್ಟೆ ಸಿಕ್ಕಿತು, ಎರಡು ಒಡೆದವು. ಆಮೇಲೆ ಬಿರುಗಾಳಿ ಬಂದು ಡೇರೆಯನ್ನೇ ಹೊತ್ತುಕೊಂಡು ಹೋಯ್ತು. ಕಲ್ಲಿನ ಗೂಡಿಗೆ ಹೊದಿಸಿದ್ದ ಬಟ್ಟೆಯೂ ಹರಿದು ಹೋಯ್ತು. ಅವತ್ತು ಜುಲೈ 23, ವಿಲ್ಸನ್‌ಗೆ 39 ತುಂಬಿದ ದಿನ. ಡೇರೆ ಇಲ್ಲದೆ ವಾಪಸ್ ಹೋಗೋ ಹಾಗಿಲ್ಲ, ಸಾವೇ. ಸ್ಲೀಪಿಂಗ್ ಬ್ಯಾಗಿನಲ್ಲಿ ಬಿದ್ದುಕೊಂಡು, ಮೇಲೆ ಹಿಮ ಸುರೀತಿದ್ದರೂ ಸ್ತುತಿಗೀತೆ ಹಾಡಿದರು. ಗಾಳಿ ನಿಂತ ಮೇಲೆ ಕತ್ತಲಲ್ಲೇ ಹುಡುಕಿದರು. ಸುಮಾರು ಅರ್ಧ ಮೈಲಿ ಕೆಳಗೆ ಡೇರೆ ಸಿಕ್ಕಿತು!

ಹಲ್ಲೆಲೂಯಾ ಅಂದ್ರಿ. ಸರಿ. ನಾನೂ ಅನ್ನುತ್ತಿದ್ದೆ, ಎಷ್ಟೋ ವರ್ಷ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಒಂದು ಯೌವನಸ್ಥರ ಕೂಟದಲ್ಲಿ ಒಬ್ಬ ತಂಗಿ ತಾಯಿಗೆ ಗುಣವಾದ ಸಾಕ್ಷಿ ಹೇಳಿದಳು. ಎಲ್ಲರೂ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಒಬ್ಬ ತಮ್ಮ ಕೂತಿದ್ದ. ಅವನೂ ಅದೇ ಉಪವಾಸ ಪ್ರಾರ್ಥನೆ ಮಾಡಿದ್ದ, ಅವನ ತಂದೆ ತೀರಿಕೊಂಡಿದ್ದರು. ಕೂಟ ಮುಗಿದ ಮೇಲೆ ಬಂದು, ತನ್ನ ನಂಬಿಕೆ ಕಡಿಮೆ ಆಯ್ತಾ ಅಂತ ಕೇಳಿದ. ನಾನು ಏನೋ ಒಂದು ವಚನ ಹೇಳಿ ಕಳಿಸಿಬಿಟ್ಟೆ. ಅವನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಇವತ್ತು ಕಥೆ ಪೂರ್ತಿ ಹೇಳ್ತೀನಿ.

ಆರು ತಿಂಗಳಾದ ಮೇಲೆ ಧ್ರುವ ಮುಟ್ಟಿದರು, 1912ರ ಜನವರಿ 17. ಅಲ್ಲಿ ನಾರ್ವೆಯ ಬಾವುಟ ಹಾರ್ತಿತ್ತು. ಅಮುಂಡ್‌ಸನ್ ಹಿಂದಿನ ಡಿಸೆಂಬರ್ 14ಕ್ಕೇ ಬಂದು ಹೋಗಿದ್ದರು. ಫೋಟೋದಲ್ಲಿ ನಗು ಇಲ್ಲದ್ದು ಅದಕ್ಕೆ. ವಾಪಸ್ ಬರುವಾಗ ಫೆಬ್ರವರಿ 17ಕ್ಕೆ ಎವನ್ಸ್ ಸತ್ತರು. ಮಾರ್ಚಿನಲ್ಲಿ ಓಟ್ಸ್, ತನ್ನಿಂದ ಉಳಿದವರಿಗೆ ಭಾರ ಆಗಬಾರದು ಅಂತ ಬಿರುಗಾಳಿಗೆ ಎದ್ದು ಹೋದರು. ಉಳಿದ ಮೂವರು ಸ್ಲೆಡ್ಜಿನಲ್ಲಿ ಸುಮಾರು 16 ಕಿಲೋ ಕಲ್ಲು ಎಳೀತಾನೇ ಇದ್ದರು. ದಾರಿಯಲ್ಲಿ ವಿಲ್ಸನ್ ಆರಿಸಿದ ಕಲ್ಲುಗಳು. ಅದರಲ್ಲಿ ಗ್ಲಾಸಾಪ್ಟೆರಿಸ್ ಅನ್ನೋ ಎಲೆಯ ಗುರುತಿತ್ತು. ನಮ್ಮ ದೇಶದ ಕಲ್ಲಿದ್ದಲು ಪದರಗಳಲ್ಲೂ ಸಿಗುವ ಎಲೆ ಅದು. ಹಿಮದ ಆ ನೆಲದಲ್ಲಿ ಒಂದು ಕಾಲಕ್ಕೆ ಕಾಡಿತ್ತು ಅನ್ನೋದಕ್ಕೆ ಸಾಕ್ಷಿ.

ಆಹಾರ, ಎಣ್ಣೆ ಇಟ್ಟಿದ್ದ ಜಾಗಕ್ಕೆ ಇನ್ನು 11 ಮೈಲಿ ಇತ್ತು. ಸ್ಕಾಟ್ ಕಾಲು ಹೋಗಿತ್ತು. ವಿಲ್ಸನ್, ಬವರ್ಸ್ ಇಬ್ಬರೇ ಹೋಗಿ ಎಣ್ಣೆ ತರೋದು ಅಂತ ತೀರ್ಮಾನ ಆಯ್ತು. ಬಿರುಗಾಳಿ ಎದ್ದಿತು. ಅದೇ ಹಿಮ, ಅದೇ ದೇವರು, ಅದೇ ಇಬ್ಬರು ಪ್ರಾರ್ಥಿಸುವ ಮನುಷ್ಯರು. ಈ ಸಲ ಗಾಳಿ ನಿಲ್ಲಲಿಲ್ಲ. ಸ್ಕಾಟ್ ಡೈರಿಯ ಕೊನೆಯ ದಿನಾಂಕ ಮಾರ್ಚ್ 29.

ಇಬ್ರಿಯರಿಗೆ ಬರೆದ ಪತ್ರ 11ನೇ ಅಧ್ಯಾಯವನ್ನು ಪೂರ್ತಿ ಓದಿ. ಸಿಂಹದ ಬಾಯಿ ಮುಚ್ಚಿಸಿದವರೂ ಆ ಪಟ್ಟಿಯಲ್ಲಿದ್ದಾರೆ, ಗರಗಸದಿಂದ ಕೊಯ್ಸಿಕೊಂಡವರೂ ಅದೇ ಪಟ್ಟಿಯಲ್ಲಿದ್ದಾರೆ. ನಾವು ಮಾತ್ರ ಅರ್ಧಕ್ಕೇ ಚಪ್ಪಾಳೆ ತಟ್ಟಿ ಪುಸ್ತಕ ಮುಚ್ಚಿಬಿಡ್ತೀವಿ.

ಸ್ಕಾಟ್ ವಿಲ್ಸನ್ ಥರದ ವಿಶ್ವಾಸಿ ಅಲ್ಲ. ಆದರೆ ಅಂಥವರೇ ಕೊನೆಗೆ ಒರಿಯಾನಾಗೆ ಪತ್ರ ಬರೆದು, ನಿಮ್ಮ ಗಂಡನ ಕಣ್ಣಲ್ಲಿ ನಿರೀಕ್ಷೆ ಇದೆ, ನಂಬಿಕೆಯಿಂದ ಅವರ ಮನಸ್ಸು ಶಾಂತವಾಗಿದೆ ಅಂತ ತಿಳಿಸಿದರು. ವಿಲ್ಸನ್ ತಾವೂ ಹೆಂಡತಿಗೆ ಬರೆದರು. ಎಲ್ಲ ಒಳ್ಳೆಯದಕ್ಕೇ ಅಂತ ಬರೆದರು. ಚಿಕ್ಕ ಹೊಸ ಒಡಂಬಡಿಕೆ, ಪ್ರಾರ್ಥನೆ ಪುಸ್ತಕ ಕೊನೆಯಲ್ಲಿ ತನ್ನ ಕೈಯಲ್ಲೋ ಎದೆಯ ಜೇಬಿನಲ್ಲೋ ಇರುತ್ತೆ ಅಂತಲೂ ಬರೆದರು. ನವೆಂಬರ್ 12ಕ್ಕೆ ಹುಡುಕಿಕೊಂಡು ಬಂದವರಿಗೆ ಈ ಸಲ ಸಿಕ್ಕಿದ ಡೇರೆಯೊಳಗೆ ಮೂರು ದೇಹ ಇತ್ತು. ಅಲ್ಲೇ ಕೊರಿಂಥದವರಿಗೆ ಬರೆದ ಪತ್ರದಿಂದ ಪುನರುತ್ಥಾನದ ಭಾಗ ಓದಿ, ಡೇರೆಯನ್ನು ಅವರ ಮೇಲೆ ಇಳಿಸಿ, ಹಿಮದ ಗುಡ್ಡೆ ಕಟ್ಟಿ, ಶಿಲುಬೆ ನೆಟ್ಟರು. ಕಲ್ಲುಗಳನ್ನು ಹಡಗಿಗೆ ತಂದರು.

ಈಗ ಸಾಕ್ಷಿ ಸಮಯ. ಡೇರೆ ಸಿಕ್ಕಿದವರು ಬನ್ನಿ. ಸಿಗದವರೂ ಬನ್ನಿ, ಇವತ್ತು ಮೈಕ್ ಮೊದಲು ನಿಮಗೆ. ತಮ್ಮಾ, ಕೀಬೋರ್ಡ್ ಸ್ವಲ್ಪ ಮೆಲ್ಲಗೆ.