ಬೆಟ್ಟಗಳ ಕಥೆ ಹೇಳಿದ ಪಾದ್ರಿ: ಅಂಟೋನಿಯೊ ಸ್ತೊಪ್ಪಾನಿ

ಉತ್ತರ ಇಟಲಿಯ ಕೋಮೊ ಸರೋವರದ ದಂಡೆಯ ಲೆಕ್ಕೊ ಎಂಬ ಊರಿನಲ್ಲಿ 1824ರ ಆಗಸ್ಟ್ 15ರಂದು ಅಂಟೋನಿಯೊ ಸ್ತೊಪ್ಪಾನಿ ಜನಿಸಿದರು. ಊರಿನ ಸುತ್ತ ಪಳೆಯುಳಿಕೆಗಳಿರುವ ಸುಣ್ಣಕಲ್ಲಿನ ಬೆಟ್ಟಗಳು. ಅವರು ಓದಿದ್ದು ಮಾತ್ರ ಪಾದ್ರಿಯಾಗಲು. ಭೂವಿಜ್ಞಾನವನ್ನು ತಾವೇ ಕಲಿತುಕೊಂಡರು. 1848ರಲ್ಲಿ ಮಿಲಾನಿನ ಜನ ಆಸ್ಟ್ರಿಯದ ಆಳ್ವಿಕೆಯ ವಿರುದ್ಧ ಐದು ದಿನ ಬೀದಿಗಿಳಿದು ಹೋರಾಡಿದಾಗ, ಹೊರಗಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಲು ಕಾಗದದ ಬಲೂನುಗಳನ್ನು ಹಾರಿಬಿಟ್ಟವರಲ್ಲಿ ಇವರೂ ಒಬ್ಬರು. ಮುಂದೆ ಸೆಮಿನರಿಯಲ್ಲಿ ಅಧ್ಯಾಪಕರಾದರೂ, ಮರಳಿ ಬಂದ ಆಸ್ಟ್ರಿಯ ಸರ್ಕಾರ 1853ರಲ್ಲಿ ಅವರನ್ನು ಆ ಹುದ್ದೆಯಿಂದ ತೆಗೆಯಿತು. ಮನೆಪಾಠ ಹೇಳಿ, ಗ್ರಂಥಾಲಯದಲ್ಲಿ ದುಡಿದು, ಬಿಡುವಿನಲ್ಲಿ ಬೆಟ್ಟ ಹತ್ತಿದರು. 1861ರಲ್ಲಿ ಪಾವಿಯಾ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಅನಂತರ ಮಿಲಾನ್, ಫ್ಲಾರೆನ್ಸ್.

ಆಗಷ್ಟೇ ಒಂದಾಗಿದ್ದ ಇಟಲಿಯ ಜನರಿಗೆ ತಮ್ಮ ನೆಲದ ಪರಿಚಯವೇ ಇಲ್ಲ ಎಂಬುದು ಸ್ತೊಪ್ಪಾನಿಯವರ ಕೊರಗು. ಅದಕ್ಕಾಗಿ 1876ರಲ್ಲಿ 'ಇಲ್ ಬೆಲ್ ಪಯೇಸೆ', ಅಂದರೆ 'ಸುಂದರ ದೇಶ' ಎಂಬ ಪುಸ್ತಕ ಬರೆದರು. ಸಂಜೆ ಹೊತ್ತು ಮನೆಯವರೆಲ್ಲ ಸೇರುತ್ತಾರೆ. ಚಿಕ್ಕಪ್ಪ ತಾನು ಸುತ್ತಿದ ಜಾಗಗಳ ಕಥೆ ಹೇಳುತ್ತಾನೆ. ಆಲ್ಪ್ಸ್‌ನ ಹಿಮನದಿ, ಗುಹೆ, ಪೆಟ್ರೋಲಿಯಂ ಬಾವಿ, ಕೆಸರು ಉಗುಳುವ ದಿಬ್ಬ, ವೆಸೂವಿಯಸ್. ಮಕ್ಕಳು ನಡುವೆ ಬಾಯಿ ಹಾಕುತ್ತಾರೆ, ಅವರ ಪ್ರಶ್ನೆಯಿಂದಲೇ ಕಥೆ ಮುಂದೆ ಹೋಗುತ್ತದೆ. ಪಾಠಯೋಜನೆಯ 'ವಿದ್ಯಾರ್ಥಿ ಚಟುವಟಿಕೆ' ಕಾಲಂ ತುಂಬಿಸಲು ಪರದಾಡುವ ನಾವು ಈ ಕ್ರಮವನ್ನು ಗಮನಿಸಬೇಕು. ಹಿಮನದಿಯ ವ್ಯಾಖ್ಯೆಗೂ ಮೊದಲು ಅದರ ಮೇಲೆ ನಡೆದವನ ಅನುಭವ ಬರುತ್ತದೆ. ಪುಸ್ತಕ ಇಟಲಿಯ ಮನೆಮನೆ ತಲುಪಿತು. 1906ರಲ್ಲಿ ಅದರ ಹೆಸರಿನಲ್ಲೇ ಒಂದು ಚೀಸ್ ಮಾರುಕಟ್ಟೆಗೆ ಬಂತು, ಹೊದಿಕೆಯ ಮೇಲೆ ಲೇಖಕರ ಚಿತ್ರದೊಂದಿಗೆ!

ವಿದ್ವಾಂಸರು ಇಂದು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. 1871ರಿಂದ 1873ರವರೆಗೆ ಬಂದ 'ಭೂವಿಜ್ಞಾನ ಪಾಠಗಳು' ಗ್ರಂಥದಲ್ಲಿ, ಮನುಷ್ಯನೂ ಭೂಮಿಯನ್ನು ಬದಲಿಸುವ ಒಂದು ಮಹಾಶಕ್ತಿ ಎಂದು ವಾದಿಸಿ, ಅವನ ಕಾಲವನ್ನು 'ಆಂತ್ರೊಪೊಜೋಯಿಕ್' ಯುಗವೆಂದು ಕರೆದರು. ಪಾದ್ರಿಯಾದ ಅವರಲ್ಲಿ ಅದು ಎಚ್ಚರಿಕೆಗಿಂತ ಹೆಚ್ಚಾಗಿ ಬೆರಗು ಎಂದು ನನಗನ್ನಿಸುತ್ತದೆ. 2002ರಲ್ಲಿ ಪಾಲ್ ಕ್ರುಟ್ಸನ್ 'ಆಂತ್ರೊಪೊಸೀನ್' ಕುರಿತು ಬರೆದಾಗ ಸ್ತೊಪ್ಪಾನಿಯವರನ್ನು ಹೆಸರಿಸಿದರು. ಅದನ್ನು ಅಧಿಕೃತ ಯುಗವಾಗಿಸುವ ಪ್ರಸ್ತಾವವನ್ನು 2024ರಲ್ಲಿ ಭೂವಿಜ್ಞಾನಿಗಳು ತಿರಸ್ಕರಿಸಿದರೂ ಚರ್ಚೆ ನಿಂತಿಲ್ಲ.

ವಿಜ್ಞಾನಕ್ಕೂ ಧರ್ಮಶ್ರದ್ಧೆಗೂ ವೈರವಿಲ್ಲವೆಂದು ನಂಬಿದ್ದ ಅವರನ್ನು ಸಂಪ್ರದಾಯವಾದಿ ಕ್ಯಾಥೊಲಿಕ್ ಪತ್ರಿಕೆಯೊಂದು ಬಿಡದೆ ಹಳಿಯಿತು. ಅವರು ನ್ಯಾಯಾಲಯಕ್ಕೂ ಹೋಗಬೇಕಾಯಿತು. 1882ರಿಂದ ಮಿಲಾನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದರು. ಅವರ ಅವಧಿಯಲ್ಲೇ ಅದಕ್ಕೆ ಹೊಸ ಕಟ್ಟಡ ಏಳತೊಡಗಿತ್ತು. ಅದು ಪೂರ್ಣವಾಗುವ ಮೊದಲೇ, 1891ರ ಜನವರಿ 1ರಂದು ತೀರಿಕೊಂಡರು.